ಕಾಲುಗುರು ಸಿಕ್ಕುವ ಹೊಲಿಗೆ

ಲಿಂಡೆನ್‌ಫೆಲ್ಡ್, ಮ್ಯಾನಿಟೋಬಾ
9 ಮಾರ್ಚ್ 1986

ಪ್ರೀತಿಯ ತಂಗಿ ಜಸ್ಟೀನಾಗೆ,

ಅಮ್ಮನನ್ನು ಮಣ್ಣು ಮಾಡಿ ಒಂದು ತಿಂಗಳಾಯಿತು. ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ, ಗುಂಡಿ ತೋಡುವವರು ಹಿಂದಿನ ದಿನವೇ ಹುಲ್ಲಿನ ಕಂತೆ ಸುಟ್ಟು ಕಾಯಿಸಬೇಕಾಯಿತು. ಜನ ಬಹಳ ಬಂದಿದ್ದರು. ಕಾಫಿಯ ಜೊತೆ ಕೊಡಲು ಮಾಡಿದ್ದ ಜೋಡಿ ಬನ್ನು ಸಾಲದೆ, ಹೊಲಿಗೆ ಬಳಗದ ಗ್ರೇಟಾ ಶ್ರೋಡರ್ ತನ್ನ ಮನೆಗೆ ಓಡಿಹೋಗಿ ತನ್ನ ಡಬ್ಬಿಯನ್ನೂ ತಂದಳು. ತಂದದ್ದನ್ನು ಮೂರು ಸಲ ಹೇಳಿಕೊಂಡಳು ಕೂಡ.

ನೀನು ಯಾಕೆ ಬರಲಿಲ್ಲ ಎಂದು ಎಲ್ಲರೂ ಕೇಳಿದರು. ಪರಾಗ್ವೆಯಲ್ಲಿ ಮಳೆಯಂತೆ, ಅವರ ಊರಿನ ಮಣ್ಣು ರಸ್ತೆ ನೀರಿನಲ್ಲಿ ಮುಳುಗಿದೆಯಂತೆ ಎಂದೆ. ಕೇಳಿದವರಿಗೆಲ್ಲ ಅದನ್ನೇ ಹೇಳಿ ಹೇಳಿ ಕೊನೆಗೆ ನನಗೇ ಅದು ನೆಪದಂತೆ ಕೇಳಿಸತೊಡಗಿತು. ಇರಲಿ.

ಈಗ ಅಮ್ಮನ ಮನೆ ಖಾಲಿ ಮಾಡಬೇಕು. ಅಜ್ಜ ರಷ್ಯಾದಿಂದ ಹೊತ್ತು ತಂದ ಗೋಡೆ ಗಡಿಯಾರ ನಿನಗೋ ನನಗೋ ನೀನೇ ಹೇಳು. ಪಾತ್ರೆಗಳು ಇವೆ, ಸೂಪಿನ ಬೋಗುಣಿ ಇದೆ, ಅಮ್ಮನ ಜರ್ಮನ್ ಬೈಬಲ್ ಇದೆ. ಏನು ಬೇಕೋ ಬರೆ.

ಅಮ್ಮನ ಕೊನೆಯ ಕೌದಿ ಇನ್ನೂ ಚರ್ಚಿನ ನೆಲಮಾಳಿಗೆಯಲ್ಲಿ ಚೌಕಟ್ಟಿನ ಮೇಲಿದೆ. ನೀಲಿ ಮತ್ತು ಕಂದು ಬಟ್ಟೆಯ ದೊಡ್ಡ ನಕ್ಷತ್ರ. ಪ್ರತಿ ವರ್ಷದಂತೆ, ಹಸಿದವರಿಗಾಗಿ ನಮ್ಮ ಮೆನೊನೈಟ್ ಚರ್ಚುಗಳು ಸೆಪ್ಟೆಂಬರಿನಲ್ಲಿ ನಡೆಸುವ ಹರಾಜಿಗೆ ಅಂತಲೇ ಶುರು ಮಾಡಿದ್ದಳು. ಕಣ್ಣು ಮಂಜಾದ ಮೇಲೆ ಅವಳ ಹೊಲಿಗೆ ಹೇಗಿತ್ತೆಂದು ನಿನಗೆ ಗೊತ್ತಿಲ್ಲ. ಎಲ್ಲಿ ಬೇಕಾದರಲ್ಲಿ, ಬೆರಳುದ್ದ. ಮಂಗಳವಾರ ಅಮ್ಮ ಹೊಲಿದು ಮನೆಗೆ ಹೋದ ಕೂಡಲೇ ಹೊಲಿಗೆ ಬಳಗದ ಹೆಂಗಸರು ಅದನ್ನೆಲ್ಲ ಬಿಚ್ಚಿ ಮತ್ತೆ ಸಣ್ಣಗೆ ಹೊಲಿದಿಡುತ್ತಿದ್ದರು. ಮುಂದಿನ ಮಂಗಳವಾರ ಅಮ್ಮ ಬಂದು ಅದರ ಮೇಲೆ ಕೈಯಾಡಿಸಿ, "ನೋಡ್ರೇ, ಕಣ್ಣು ಹೋದ್ರೂ ನನ್ನ ಕೈ ಹೋಗಿಲ್ಲ" ಎನ್ನುತ್ತಿದ್ದಳು. ಒಬ್ಬಳೂ ತುಟಿ ಬಿಚ್ಚುತ್ತಿರಲಿಲ್ಲ.

ಅಮ್ಮ ಹೋದ ಮೇಲೆ ಕೆಳಗಿನ ಎಡ ಮೂಲೆಯಲ್ಲಿ ಅವಳ ಕೊನೆಯ ಹೊಲಿಗೆ ಹಾಗೇ ಉಳಿದಿತ್ತು. ಗ್ರೇಟಾ ಕತ್ತರಿ ತೆಗೆದಳು.

"ನೆಟಾ, ಏನೇ ಇದು? ಹೊದ್ಕೊಂಡೋರ ಕಾಲುಗುರು ಸಿಕ್ಕಾಕ್ಕೊಳ್ಳುತ್ತೆ!"

"ಸಿಕ್ಕಾಕ್ಕೊಳ್ಲಿ ಬಿಡು. ಕೊಂಡ್ಕೊಂಡೋರು ಉಗುರು ಕತ್ತರಿಸ್ಕೊಳ್ತಾರೆ. ಆ ಮೂಲೆ ಮುಟ್ಟಿದ್ಯೋ ನೋಡು!"

ಕತ್ತರಿ ಒಳಗಿಟ್ಟಳು. ಉಳಿದದ್ದನ್ನು ಬಳಗದವರು ಮುಗಿಸುತ್ತಾರೆ.

ಫ್ರಾಂಟ್ಸನಿಗೂ ಮಕ್ಕಳಿಗೂ ನಮ್ಮ ನೆನಪು ಹೇಳು. ನಿನ್ನ ಭಾವ ಕ್ಷೇಮ. ಎಂದಿನಂತೆ ಮಾತಿಲ್ಲ.

ನಿನ್ನ ಅಕ್ಕ,
ನೆಟಾ

*

ಫ್ರೀಡೆನ್ಸ್‌ರು, ಚಾಕೊ, ಪರಾಗ್ವೆ
13 ಏಪ್ರಿಲ್ 1986

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಮೊನ್ನೆ ಬಂತು. ಹತ್ತಿ ಬಿಡಿಸುವ ಕಾಲ, ಆಸ್ಪತ್ರೆಯಲ್ಲೂ ಇಬ್ಬರೇ ನರ್ಸುಗಳು. ಅದಕ್ಕೇ ಚಿಕ್ಕದಾಗಿ ಬರೆಯುತ್ತಿದ್ದೇನೆ.

ಗಡಿಯಾರ ನೀನೇ ಇಟ್ಟುಕೋ. ಬೋಗುಣಿ, ಬೈಬಲ್, ಪಾತ್ರೆ ಎಲ್ಲವನ್ನೂ ನೀನೇ ಇಟ್ಟುಕೋ. ನನಗೆ ಆ ಕೌದಿ ಬೇಕು. ಹರಾಜಿಗೆ ಕೊಡಬೇಡ.

ರಸ್ತೆ ನಿಜವಾಗಿಯೂ ಮುಳುಗಿತ್ತು.

ಜಸ್ಟೀನಾ

*

ಲಿಂಡೆನ್‌ಫೆಲ್ಡ್
18 ಮೇ 1986

ಪ್ರೀತಿಯ ಜಸ್ಟೀನಾ,

ನಿನಗೆ ತಲೆ ಕೆಟ್ಟಿದೆಯೇ? ಪಾಪಾಸುಕಳ್ಳಿ ಕೂಡ ಬಾಡುವ ಊರಿನಲ್ಲಿ ಕೌದಿ ಇಟ್ಟುಕೊಂಡು ಏನು ಮಾಡುತ್ತೀಯ? ಕೋಳಿಗಳಿಗೆ ನೆರಳು ಕಟ್ಟುತ್ತೀಯಾ?

ತಮಾಷೆ ಸಾಕು. ಆಗುವುದಿಲ್ಲ ಕಣೇ. ಅಮ್ಮ ತಾನೇ ಬಾಯಿ ಬಿಟ್ಟು ಇಡೀ ಬಳಗದ ಮುಂದೆ "ಇದು ಹರಾಜಿಗೆ" ಅಂದಿದ್ದಾಳೆ. ಗ್ರೇಟಾ ಅದನ್ನು ಕೌದಿಗಳ ಸಾಲಿನಲ್ಲಿ ಎಲ್ಲಕ್ಕಿಂತ ಕೊನೆಗೆ, ಗೌರವದ ಜಾಗದಲ್ಲಿ ಇಟ್ಟಾಗಿದೆ. ಹಸಿದವರಿಗೆ ಅಂತ ಕೊಟ್ಟದ್ದನ್ನು ಮನೆಯವರು ಹೋಗಿ ವಾಪಸ್ ಕೇಳುವುದು ಹೇಗೆ? ನಾನು ಆ ಚರ್ಚಿನಲ್ಲಿ ಇನ್ನೂ ಬದುಕಬೇಕು, ನೀನಲ್ಲ.

ಆದರೆ ಒಂದು ದಾರಿ ಹೊಳೆದಿದೆ. ನಿನ್ನ ಭಾವ ಅದನ್ನು ಹರಾಜಿನಲ್ಲೇ ಕೂಗಿ ಕೊಂಡುಕೊಳ್ಳಲಿ. ಆಗ ಕೊಟ್ಟದ್ದು ಕೊಟ್ಟ ಹಾಗೂ ಆಯಿತು, ನಿನಗೆ ಸಿಕ್ಕ ಹಾಗೂ ಆಯಿತು. ಕ್ರಿಸ್‌ಮಸ್‌ಗೆ ಯಾರಾದರೂ ಚಾಕೊ ಕಡೆ ಹೊರಟೇ ಹೊರಡುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ಈ ವಿಷಯ ನಮ್ಮ ಮೂವರಲ್ಲೇ ಇರಲಿ. ಕೌದಿ ಮಗಳಿಗೆ ಬೇಕಂತೆ ಎಂದು ಗೊತ್ತಾದರೆ ನಮ್ಮ ಜನ ಗೊತ್ತಲ್ಲ, ಮರ್ಯಾದೆಗೆ ಒಬ್ಬನೂ ಎದುರು ಕೂಗುವುದಿಲ್ಲ. ಅಮ್ಮನ ಕೌದಿ ಹಳೆ ಗೋಣಿಚೀಲದ ಬೆಲೆಗೆ ಹೋದರೆ ಅವಳಿಗೂ ಅವಮಾನ, ಹರಾಜಿಗೂ ನಷ್ಟ.

ಹೋದ ಸಲದ ಹರಾಜಿನಲ್ಲಿ ಏನಾಯಿತು ಗೊತ್ತಾ? ಮೊದಲ ವಸ್ತು ಯಾವಾಗಲೂ ಒಂದು ಬ್ರೆಡ್ಡು ತಾನೇ. ಹೈನ್ರಿಖ್ ಬುಲ್ಲರ್ ಕೊಂಡ, ದುಡ್ಡು ಕೊಟ್ಟೂ ಬ್ರೆಡ್ಡನ್ನು ಮತ್ತೆ ಮಾರಲಿ ಅಂತ "ವಾಪಸ್" ಅಂದ. ಮತ್ತೆ ಕೂಗಿದರು. ಅವನ ತಮ್ಮ ಕೊಂಡ, ಅವನೂ "ವಾಪಸ್" ಅಂದ. ಜನ ಚಪ್ಪಾಳೆಯ ಮೇಲೆ ಚಪ್ಪಾಳೆ. ಹೀಗೇ ಸುತ್ತಿ ಸುತ್ತಿ ಆ ಬ್ರೆಡ್ಡಿಗೆ ಒಂದು ಹಳೆ ಟ್ರಾಕ್ಟರಿನ ಬೆಲೆ ಬಂತು. ಕೊನೆಗೆ ತಿನ್ನುವ ಹೊತ್ತಿಗೆ ಅದು ಒಣಗಿ ಇಟ್ಟಿಗೆಯಾಗಿತ್ತು. ಅಮ್ಮ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು.

ನೆಟಾ

*

ಫ್ರೀಡೆನ್ಸ್‌ರು
22 ಜೂನ್ 1986

ಅಕ್ಕನಿಗೆ,

ಹಾಗೇ ಮಾಡು. ಎಷ್ಟಕ್ಕೆ ಏರಿದರೂ ಭಾವ ಬಿಡದಿರಲಿ. ಬೆಲೆಯನ್ನು ಅಮ್ಮನ ಮನೆಯ ನನ್ನ ಪಾಲಿನಿಂದ ಮುರಿದುಕೋ.

ಕೋಳಿಗಳಿಗೆ ನೆರಳು ಸಾಕಷ್ಟಿದೆ.

ಜಸ್ಟೀನಾ

*

ಲಿಂಡೆನ್‌ಫೆಲ್ಡ್
22 ಸೆಪ್ಟೆಂಬರ್ 1986

ಪ್ರೀತಿಯ ಜಸ್ಟೀನಾ,

ಕೂತುಕೊಂಡು ಓದು. ಕೌದಿ ಹೋಯಿತು.

ಹೇಗೆ ಹೋಯಿತೆಂದು ಹೇಳುತ್ತೇನೆ. ಶನಿವಾರ ಐಸ್ ಹಾಕಿ ಆಡುವ ಕಟ್ಟಡ ತುಂಬಿ ತುಳುಕುತ್ತಿತ್ತು. ಬೆಳಗಿನಿಂದ ವೆರೆನಿಕೆ ಕಡುಬು ಕೊಳ್ಳುವವರ ಸಾಲು ಬಾಗಿಲಾಚೆ ಪಾರ್ಕಿಂಗಿನವರೆಗೆ. ಕೌದಿಗಳ ಹರಾಜು ಮಧ್ಯಾಹ್ನ. ವಿಲ್ಮರ್ ಪೆನ್ನರ್ ಕೂಗುತ್ತಿದ್ದ. ಅವನ ಬಾಯಿ ಗೊತ್ತಲ್ಲ, ಗಿರಣಿಯ ಹಾಗೆ. ನಿನ್ನ ಭಾವ ಮೂರನೆಯ ಸಾಲಿನಲ್ಲಿ ನಂಬರಿನ ಕಾರ್ಡು ಹಿಡಿದು, ಮದುವೆಗೆ ಹಾಕಿದ್ದ ಕೋಟು ಹಾಕಿಕೊಂಡು ಕೂತಿದ್ದರು. ಅಮ್ಮನ ಕೌದಿ ಬಂತು. ಕೂಗು ಏರಿತು. ಇವರು ಕಾರ್ಡು ಇಳಿಸಲೇ ಇಲ್ಲ, ಅಷ್ಟು ಒಪ್ಪಿಕೊಳ್ಳಬೇಕು. ಕೊನೆಗೆ ವಿಲ್ಮರ್ ಸುತ್ತಿಗೆ ಬಡಿದ.

"ಕೊರ್ನೀಗೆ! ಅತ್ತೆ ಕೌದಿ ಅಳಿಯನಿಗೇ ಹೋಯ್ತು ಕಣ್ರಪ್ಪಾ! ಏನ್ ಕೊರ್ನೀ, ವಾಪಸ್ ತಾನೇ?"

ಮನೆಯವರೇ ಕೊಂಡರಲ್ಲ, ವಾಪಸ್ ಕೊಡುವುದಕ್ಕೇ ಕೊಂಡಿದ್ದಾರೆ ಎಂದು ಎಲ್ಲರಿಗೂ ಅನಿಸಿತು. ನನಗಾದರೂ ಹಾಗೇ ಅನಿಸುತ್ತಿತ್ತು. ಇದನ್ನು ನಾವು ಮೊದಲೇ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಚಪ್ಪಾಳೆ ಶುರುವಾಯಿತು. ಇವರು "ಇಲ್ಲ" ಅನ್ನಲು ಎದ್ದು ನಿಂತರು. ಎದ್ದು ನಿಂತದ್ದಕ್ಕೆ ಚಪ್ಪಾಳೆ ಇನ್ನೂ ಜೋರಾಯಿತು. ಚರ್ಚಿನಲ್ಲಿ ಹಾಡುವಾಗ ಬಿಟ್ಟರೆ ನಾಲ್ಕು ಜನರ ಮುಂದೆ ಬಾಯಿ ತೆರೆಯದ ಮನುಷ್ಯ. ಕಿವಿಯವರೆಗೆ ಕೆಂಪಾಗಿ ಕೂತುಬಿಟ್ಟರು.

ಆಮೇಲೆ ತಡೆಯುವವರು ಯಾರು? ಹೈನ್ರಿಖ್ ಬುಲ್ಲರ್ ಕೊಂಡ, ವಾಪಸ್ ಕೊಟ್ಟ. ಹೊಲಿಗೆ ಬಳಗದವರು ಸೇರಿ ಕೊಂಡರು, ವಾಪಸ್ ಕೊಟ್ಟರು. ನಮ್ಮ ಡಾಕ್ಟರು ಕೊಂಡರು, ಅವರೂ ವಾಪಸ್ ಕೊಟ್ಟರು. ಎಲ್ಲ ಅಮ್ಮನ ಮೇಲಿನ ಗೌರವಕ್ಕೆ. ಕೊನೆಗೆ ಹಿಂದಿನ ಸಾಲಿನಿಂದ ಯಾರೋ ಐಸ್‌ಲ್ಯಾಂಡಿನ ಮೂಲದವನು, ಗಿಮ್ಲಿ ಕಡೆಯ ಮೀನುಗಾರನಂತೆ, ಸಿಗುರ್ಡ್‌ಸನ್ ಅಂತ ಹೆಸರು, ಅವನಿಗೆ ಹೋಯಿತು. "ವಾಪಸ್ಸಾ?" ಎಂದು ವಿಲ್ಮರ್ ಕೇಳಿದರೆ ಆ ಮನುಷ್ಯ, "ಯಾಕೆ? ದುಡ್ಡು ಕೊಡ್ತೀನಲ್ಲ" ಅಂದ. ಕೌದಿ ಮಡಚಿಸಿಕೊಂಡು ಹೊರಟುಹೋದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ನಾನು ಏನೂ ಮಾಡುವ ಹಾಗಿರಲಿಲ್ಲ, ಎರಡೂ ಕೈ ಕೆಲಸದಲ್ಲಿದ್ದವು. ತಪ್ಪು ನಿನ್ನ ಭಾವನದು. ಮನೆಗೆ ಬಂದ ಮೇಲೆ ಚೆನ್ನಾಗಿ ಬೈದಿದ್ದೇನೆ. "ನಾಲ್ಗೆ ಏನ್ ಸಂತೇಲಿ ಮಾರ್ಕೊಂಡ್ ಬಂದ್ರಾ?" ಅಂದೆ. ಆ ದಿನ ಅಮ್ಮನ ಕೌದಿ ತಂದಷ್ಟನ್ನು ಬೇರೆ ಯಾವುದೂ ತರಲಿಲ್ಲ. ಅದನ್ನೇ ಸಮಾಧಾನ ಅಂದುಕೋ. ಗಡಿಯಾರ ಕಳಿಸಲಾ?

ನೆಟಾ

*

ಫ್ರೀಡೆನ್ಸ್‌ರು
16 ನವೆಂಬರ್ 1986

ಅಕ್ಕನಿಗೆ,

ನಮ್ಮ ಜನರ ಪತ್ರಿಕೆ ಇಲ್ಲಿಗೂ ಬರುತ್ತದೆ, ತಡವಾಗಿ. ಅಕ್ಟೋಬರಿನ ಸಂಚಿಕೆಯ ನಾಲ್ಕನೆಯ ಪುಟದಲ್ಲಿ ಹರಾಜಿನ ಫೋಟೊ ಇದೆ. ವೇದಿಕೆಯ ಮೇಲೆ ಅಮ್ಮನ ಕೌದಿ. ಅದರ ಬಲ ಮೂಲೆ ಎತ್ತಿ ಹಿಡಿದವಳು ಗ್ರೇಟಾ. ಎಡ ಮೂಲೆ ಎತ್ತಿ ಹಿಡಿದವಳು ನೀನು.

ನಿನ್ನ ಎರಡೂ ಕೈ ಕೆಲಸದಲ್ಲಿದ್ದದ್ದು ನಿಜ. ಆ ಕೈಗಳಲ್ಲಿದ್ದದ್ದೇ ಕೌದಿ. ಬಾಯಿ ಖಾಲಿ ಇತ್ತು. ಭಾವನಿಗೆ ಮಾತು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ನಿನಗೆ ಬರುವುದಿಲ್ಲ ಎಂದು ಇವತ್ತೇ ಗೊತ್ತಾದದ್ದು.

ಫೋಟೊದಲ್ಲಿ ನೀನು ನಗುತ್ತಿದ್ದೀಯ.

ಗಡಿಯಾರ ಬೇಡ.

ಜಸ್ಟೀನಾ

*

ಲಿಂಡೆನ್‌ಫೆಲ್ಡ್
14 ಡಿಸೆಂಬರ್ 1986

ಜಸ್ಟೀನಾ,

ಹೌದು, ವೇದಿಕೆಯ ಮೇಲಿದ್ದೆ. ಆರು ವರ್ಷದಿಂದ ಕೌದಿ ಎತ್ತಿ ಹಿಡಿಯುವ ಕೆಲಸ ನನ್ನದೇ. ತೋಳು ಬಿದ್ದುಹೋಗುವಂತೆ ನೋಯುತ್ತದೆ, ಸಂಜೆ ಬಾಚಣಿಗೆ ಎತ್ತಲೂ ಆಗುವುದಿಲ್ಲ. ನಿನಗೆ ಬರೆಯಲಿಲ್ಲ, ಯಾಕೆಂದರೆ ನೀನು ಹೀಗೇ ಬರೆಯುತ್ತೀಯ ಎಂದು ಗೊತ್ತಿತ್ತು.

ಬಾಯಿ ಖಾಲಿ ಇತ್ತು ಅಂದೆಯಲ್ಲ. ಇತ್ತು. ಒಂದು ಮಾತು ಸಾಕಿತ್ತು, ಅದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದೇ ಗಳಿಗೆಯಲ್ಲಿ ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತೀಯಾ? ನಿನ್ನ ಮೇಲೆ. ನಾಲ್ಕು ವರ್ಷ ಅಮ್ಮನಿಗೆ ಚಮಚದಲ್ಲಿ ಸೂಪು ತಿನ್ನಿಸಿದವಳು ನಾನು. ಕತ್ತಲಾದ ಕಣ್ಣಿಗೆ ಬೈಬಲ್ ಓದಿ ಹೇಳಿದವಳು ನಾನು. ಓದಿದ್ದರಲ್ಲಿ ಅವಳು ತಪ್ಪು ಹುಡುಕಿದಾಗ ಬೈಸಿಕೊಂಡವಳೂ ನಾನೇ. ನೀನು ಒಂದು ದಿನವೂ ಅವಳ ಬಾಯಿ ಒರೆಸಿಲ್ಲ. ಆದರೆ ಎಲ್ಲ ಮುಗಿದ ಮೇಲೆ, ಅಲ್ಲಿಂದಲೇ ಕೈ ಚಾಚಿ, ಇದ್ದದ್ದರಲ್ಲಿ ಅವಳದ್ದೇ ಆದ ಒಂದು ವಸ್ತುವನ್ನು ಕೇಳಿದೆ. ಅದು ನನಗೂ ಬೇಕಿತ್ತು. ನನ್ನನ್ನು ಯಾರಾದರೂ ಕೇಳಿದರಾ? ನಿನಗೂ ಬೇಡ ನನಗೂ ಬೇಡ, ಹೋಗಲಿ ಅನ್ನಿಸಿತು. ಬಾಯಿ ಮುಚ್ಚಿಕೊಂಡೆ.

ಇನ್ನು ನಗು. ಬೆಳಗ್ಗೆ ಕೌದಿಗಳನ್ನು ನೋಡಲು ನೇತುಹಾಕುತ್ತೇವಲ್ಲ, ಆಗ ಜನ ಆ ಕೆಳಗಿನ ಮೂಲೆ ನೋಡಿ ಮುಖ ಸಿಂಡರಿಸುತ್ತಾರೆ ಎಂದು ಅದರ ಪಕ್ಕದಲ್ಲೇ ಕಾವಲು ನಿಂತೆ. ಅದನ್ನು ಬಿಚ್ಚಬೇಡಿ ಅಂದವಳು ನಾನಲ್ಲವೇ? ಆದರೆ ಹೆಂಗಸರು ಬಂದರು, ಮೂಲೆ ಮುಟ್ಟಿದರು, "ಇದು ನೆಟಾಳ ಅಮ್ಮನ ಕೈ ಕಣೇ" ಅಂದರು. ಅಷ್ಟೇ. ಮಧ್ಯಾಹ್ನ ಆ ಸೊಟ್ಟ ಹೊಲಿಗೆಗೆ ಇಡೀ ಕಟ್ಟಡ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬದುಕಿದ್ದಾಗ ಅವಳ ಬೆನ್ನ ಹಿಂದೆ ಬಿಚ್ಚಿ ಹಾಕುತ್ತಿದ್ದ ಹೊಲಿಗೆಗೆ. ನನಗೆ ಅಳು ಒತ್ತರಿಸಿ ಬಂತು. ಅತ್ತರೆ ಕಣ್ಣು ಒರೆಸಿಕೊಳ್ಳಬೇಕು, ಕೈ ಬಿಟ್ಟರೆ ಕೌದಿ ನೆಲಕ್ಕೆ. ಅದಕ್ಕೇ ನಕ್ಕೆ.

ಈಗ ಗೊತ್ತಾಯಿತಲ್ಲ. ಮನಸ್ಸಿಗೆ ಬಂದದ್ದು ಬರೆ.

ನೆಟಾ

*

ಲಿಂಡೆನ್‌ಫೆಲ್ಡ್
1 ಮಾರ್ಚ್ 1987

ಜಸ್ಟೀನಾ,

ನಿನ್ನಿಂದ ಕಾಗದವಿಲ್ಲ. ಅಂಚೆಯವನು ನನ್ನ ಮುಖ ಕಂಡರೇ ತಲೆ ಅಲ್ಲಾಡಿಸುತ್ತಾನೆ.

ಇಲ್ಲಿ ಇನ್ನೂ ಹಿಮ. ಈ ವರ್ಷ ಕೌದಿ ಎತ್ತಿ ಹಿಡಿಯುವ ಕೆಲಸ ಒಲ್ಲೆ ಎಂದು ಗ್ರೇಟಾಗೆ ಹೇಳಿದ್ದೇನೆ. ಅಡುಗೆ ಕಡೆ ಹಾಕಿದ್ದಾರೆ. ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಪನೀರು ತುಂಬಿದ ವೆರೆನಿಕೆ ಮಡಚುವುದು ಆಗಸ್ಟಿನಿಂದ ಶುರು. ನನ್ನ ಮಡಿಕೆ ಬಾಯಿ ಬಿಡುತ್ತದೆ ಎಂದು ಈಗಲೇ ಗೊಣಗುತ್ತಿದ್ದಾರೆ.

ನಿನ್ನ ಭಾವ ನಿನ್ನೆ ಊಟದ ನಡುವೆ ತಲೆ ಎತ್ತಿ, "ಜಸ್ಟೀನಾ ಬರೆದ್ಲಾ?" ಎಂದು ಕೇಳಿದರು. ಅಷ್ಟು ಕೇಳಿದ್ದೇ ದೊಡ್ಡದು.

ನೆಟಾ

*

ಲಿಂಡೆನ್‌ಫೆಲ್ಡ್
7 ಜೂನ್ 1987

ಜಸ್ಟೀನಾ,

ಮಕ್ಕಳು ಚೆನ್ನಾಗಿದ್ದಾರಾ ಅಂತಾದರೂ ಬರೆ.

ನೆಟಾ

*

ಫ್ರೀಡೆನ್ಸ್‌ರು
12 ಜುಲೈ 1987

ಅಕ್ಕನಿಗೆ,

ಮಕ್ಕಳು ಚೆನ್ನಾಗಿದ್ದಾರೆ.

ದಕ್ಷಿಣದ ಗಾಳಿ ಬೀಸುತ್ತಿದೆ. ಇಲ್ಲಿಯೂ ಒಂದು ವಾರ ಚಳಿ ಬರುತ್ತದೆ, ನಿನಗೆ ಗೊತ್ತಿರಲಿ. ಮದುವೆಗೆ ಅಮ್ಮ ಕೊಟ್ಟ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದೆ. ಅದರ ಹೊಲಿಗೆ ಅಕ್ಕಿಕಾಳಿಗಿಂತ ಸಣ್ಣದು, ಒಂದೂ ಆಚೀಚೆ ಇಲ್ಲ. ಆ ಹೊಲಿಗೆ ಹಾಕಿದ ಅಮ್ಮ ನನಗೆ ಗೊತ್ತು. ನೆಟ್ಟಗೆ ಕೂರುತ್ತಿದ್ದಳು, ಜೋರಾಗಿ ನಡೆಯುತ್ತಿದ್ದಳು, ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ವಿಮಾನ ನಿಲ್ದಾಣದಲ್ಲಿ ನನ್ನನ್ನು ಬೀಳ್ಕೊಟ್ಟವಳು ಅವಳೇ. ನಾನು ಅವಳನ್ನು ಕೊನೆಗೆ ನೋಡಿದ್ದೂ ಅಲ್ಲೇ.

ಆಮೇಲಿನ ಅಮ್ಮನನ್ನು ನಾನು ನೋಡಿಲ್ಲ. ಕಣ್ಣು ಮಂಜಾದವಳನ್ನು, ಚಮಚದಲ್ಲಿ ಸೂಪು ಕುಡಿದವಳನ್ನು, ಬೈಬಲಿನ ತಪ್ಪಿಗೆ ಬೈದವಳನ್ನು ನೋಡಿಲ್ಲ. ಅವಳು ಹೇಗಿದ್ದಳೆಂದು ನೀನು ಮೊದಲ ಸಲ ಸರಿಯಾಗಿ ಬರೆದದ್ದು ಹೋದ ವರ್ಷದ ಮಾರ್ಚಿನ ಕಾಗದದಲ್ಲಿ, ಸೊಟ್ಟ ಹೊಲಿಗೆಯ ವಿಷಯ ಬರೆಯುವಾಗ. ಅದಕ್ಕೇ ಕೇಳಿದೆ. ನನಗೆ ಒಳ್ಳೆಯ ಕೌದಿ ಬೇಕಿರಲಿಲ್ಲ ಅಕ್ಕ. ಅದು ಪೆಟ್ಟಿಗೆಯಲ್ಲಿದೆ. ನನಗೆ ಕೆಟ್ಟ ಹೊಲಿಗೆಯ ಕೌದಿ ಬೇಕಿತ್ತು.

ನೀನು ನಾಲ್ಕು ವರ್ಷದ ಕಷ್ಟ ಬರೆದೆ. ಕಷ್ಟವೇ, ನಾನು ನರ್ಸು, ನನಗೆ ಗೊತ್ತು. ಆ ಕಷ್ಟವೂ ನನ್ನ ಪಾಲಿಗೆ ಬರಲಿಲ್ಲ. ನಿನ್ನ ಕಾಗದ ಓದಿದಾಗ ನನಗೆ ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಅದು ಇಳಿಯಲು ಇಷ್ಟು ದಿನ ಬೇಕಾಯಿತು.

ಕೌದಿ ನಿನಗೂ ಬೇಕಿತ್ತು ಎಂದು ಮೊದಲೇ ಬರೆಯಬಾರದಿತ್ತೇ?

ಭಾವನಿಗೆ ಬೈಯಬೇಡ.

ಜಸ್ಟೀನಾ

*

ಲಿಂಡೆನ್‌ಫೆಲ್ಡ್
20 ಸೆಪ್ಟೆಂಬರ್ 1987

ನನ್ನ ಜಸ್ಟೀನಾ,

ಇದನ್ನು ನಿಂತುಕೊಂಡೇ ಓದು, ಕುಣಿಯಬೇಕಾದೀತು.

ನಿನ್ನೆ ಹರಾಜು. ನಾನು ಅಡುಗೆ ಕಡೆ, ಕುದಿಯುವ ಹಂಡೆಯ ಮುಂದೆ ಬೆವರಿ ತೊಪ್ಪೆಯಾಗಿ, ಜಾಲರಿ ಸೌಟಿನಲ್ಲಿ ವೆರೆನಿಕೆ ಎತ್ತುತ್ತಿದ್ದೆ. ಮೈಯೆಲ್ಲ ಹಿಟ್ಟು. ಅಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ಉದ್ದನೆಯ ಮನುಷ್ಯ ತಟ್ಟೆ ಚಾಚುವ ಬದಲು ಟೋಪಿ ತೆಗೆದ.

"ಹೋದ್ ವರ್ಷ ಕೌದಿ ಹಿಡ್ಕೊಂಡಿದ್ದೋರು ನೀವೇ ಅಲ್ವಾ?"

ಆ ಸಿಗುರ್ಡ್‌ಸನ್! ಸೌಟು ಹಂಡೆಗೆ ಬೀಳುವುದರಲ್ಲಿತ್ತು.

"ಹೌದು. ಯಾಕೆ?"

"ವಾಪಸ್ ತಂದಿದ್ದೀನಿ" ಅಂದ. "ನಮಗೆ ನಿಮ್ಮ ಮೆನೊನೈಟ್ ಪದ್ಧತಿ ಗೊತ್ತಿರ್ಲಿಲ್ಲ ನೋಡಿ. ಎಲ್ರಿಗೂ ಚಪ್ಪಾಳೆ ಬಿತ್ತು, ನಾನು ಎದ್ದು ಬರೋವಾಗ ಸೂಜಿ ಬಿದ್ರೂ ಕೇಳ್ಸೋ ಹಾಗಿತ್ತು. ಏನೋ ಕಳ್ಕೊಂಡೋರ ಮನೇಲಿ ಊಟ ಮಾಡಿ ಬಂದ ಹಾಗಾಯ್ತು. ನನ್ನ ಹೆಂಡ್ತಿ ಈ ವರ್ಷ ಪೂರ್ತಿ ಹೇಳ್ತಾನೇ ಇದ್ಲು, ತಗೊಂಡ್ ಹೋಗಿ ಕೊಟ್ಟು ಬನ್ನಿ ಅಂತ. ಕೌದಿ ಬೆಚ್ಚಗಿದೆ, ಒಂದು ಮೂಲೇಲಿ ಮಾತ್ರ ಅವಳ ಕಾಲುಗುರು ಸಿಕ್ಕಾಕ್ಕೊಳ್ತಾ ಇತ್ತು. ಈಗ ವೇದಿಕೆ ಹತ್ರ ಕೊಟ್ಟು ಬಂದೆ. ಮತ್ತೆ ಕೂಗ್ತಾರಂತೆ."

"ಯಾವಾಗ?"

"ಈಗ್ಲೇ."

ಹಂಡೆ ಬಿಟ್ಟು ಓಡಿದೆ. ಹಿಂದಿನಿಂದ ಯಾರೋ, "ನೆಟಾ, ಬೆಂದು ಒಡೀತಾವೆ ಕಣೇ!" ಎಂದು ಕೂಗುತ್ತಿದ್ದರು. ಒಡೆಯಲಿ! ಹೋಗುವಷ್ಟರಲ್ಲಿ ಗ್ರೇಟಾ ಮತ್ತು ಅವಳ ಸೊಸೆ ಕೌದಿ ಎತ್ತಿ ಹಿಡಿದಿದ್ದರು. ವಿಲ್ಮರ್ ಹೋದ ವರ್ಷದ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿ ಕೂಗು ಶುರು ಮಾಡಿಯಾಗಿತ್ತು. ನಂಬರಿನ ಕಾರ್ಡು ನಿನ್ನ ಭಾವನ ಜೇಬಿನಲ್ಲಿ, ನಿನ್ನ ಭಾವ ಆಚೆ ಟ್ರಾಕ್ಟರುಗಳ ಹತ್ತಿರ. ನನ್ನ ಕೈಯಲ್ಲಿದ್ದದ್ದು ಸೌಟು. ಅದನ್ನೇ ಎತ್ತಿದೆ. ಹನಿ ಹನಿ ನೀರು ತೊಟ್ಟಿಕ್ಕುತ್ತಿತ್ತು.

"ಅಡುಗೆಮನೆಯಿಂದ ಒಂದ್ ಸೌಟು!" ಎಂದು ವಿಲ್ಮರ್ ಅರಚಿದ. ಎಲ್ಲರೂ ನಕ್ಕರು. ಹೈನ್ರಿಖ್ ಬುಲ್ಲರ್ ಏರಿಸಿದ, ನಾನು ಸೌಟು ಇಳಿಸಲಿಲ್ಲ. ಡಾಕ್ಟರು ಏರಿಸಿದರು, ಇಳಿಸಲಿಲ್ಲ. ಕೊನೆಗೆ ಸುತ್ತಿಗೆ ಬಿತ್ತು.

"ನೆಟಾ ಹಾರ್ಡರ್‌ಗೆ! ಬನ್ನಿ ನೆಟಾ, ವಾಪಸ್ ತಾನೇ?"

ಚಪ್ಪಾಳೆ ಶುರುವಾಯಿತು. ಜಸ್ಟೀನಾ, ಆ ಚಪ್ಪಾಳೆಯ ಎದುರು ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ನಿನ್ನೆ ಗೊತ್ತಾಯಿತು. ಪಾಪ, ಅವರಿಗೆ ಸುಮ್ಮನೆ ಬೈದೆ. ಅಲ್ಲಿದ್ದವರೆಲ್ಲ ನನಗೆ ಬೇಕಾದವರು, ಒಳ್ಳೆಯದನ್ನೇ ಕೇಳುತ್ತಿರುವವರು.

"ಇಲ್ಲ" ಅಂದೆ.

ಯಾರಿಗೂ ಕೇಳಿಸಲಿಲ್ಲ. ಸೌಟಿನಿಂದ ಮುಂದಿನ ಕಬ್ಬಿಣದ ಕುರ್ಚಿಗೆ ಬಡಿದೆ. ಎಲ್ಲ ತೆಪ್ಪಗಾದರು.

"ವಾಪಸ್ ಇಲ್ಲ. ಇದು ನನ್ನ ತಂಗೀದು. ಅವಳಿಗೆ ಬೇಕಂತೆ."

ಒಂದು ಚಪ್ಪಾಳೆಯೂ ಇಲ್ಲ. ವಿಲ್ಮರ್‌ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಗ್ರೇಟಾ ವೇದಿಕೆಯ ಮೇಲೆ ತನ್ನ ಮೂಲೆ ಇಳಿಸಿದಳು, ಸೊಸೆಯ ಕೈಯಿಂದ ಇನ್ನೊಂದು ಮೂಲೆ ತೆಗೆದುಕೊಂಡಳು, ಮಡಚಿದಳು. ಮೆಟ್ಟಿಲಿಳಿದು ಬಂದು ನನ್ನ ತೋಳಿನ ಮೇಲಿಟ್ಟಳು.

"ಮೊದ್ಲೇ ಹೇಳ್ಬಾರ್ದಾ, ಮೂದೇವಿ?" ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು. "ಹಿಟ್ಟಿನ ಕೈಲಿ ಮುಟ್ಬೇಡ, ಕಲೆ ಆಗುತ್ತೆ."

ಹಿಂದಿನ ಸಾಲುಗಳಲ್ಲಿ ಒಂದಿಬ್ಬರು ಗೊಣಗಿದರು. ನನ್ನ ಸ್ವಾರ್ಥದ ಮಾತು ಭಾನುವಾರದ ಕಾಫಿಯವರೆಗೂ ಓಡುತ್ತದೆ, ಓಡಲಿ. ನಿನ್ನ ಭಾವ ಸುದ್ದಿ ಕೇಳಿ ಬಂದರು, ಕೌದಿ ಎತ್ತಿಕೊಂಡು ಟ್ರಕ್ಕಿನ ಮುಂದಿನ ಸೀಟಿನಲ್ಲಿಟ್ಟರು. ಮನೆಯವರೆಗೂ ನಾನು ಹಿಂದಿನ ತೊಟ್ಟಿಯಲ್ಲಿ ಕೂತು ಬಂದೆ. ದಾರಿಯಲ್ಲಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಏನಂದರು ಗೊತ್ತಾ? "ನಾನೂ ಅದನ್ನೇ ಹೇಳ್ಬೇಕು ಅಂತ ಎದ್ದಿದ್ದೆ." ಒಂದು ವರ್ಷದ ಮೇಲೆ!

ಬೆಲೆಯನ್ನು ನಿನ್ನ ಪಾಲಿನಿಂದ ಮುರಿಯುವುದಿಲ್ಲ. ಕೊಂಡವಳು ನಾನು. ರಾತ್ರಿ ನಮ್ಮ ಹಾಸಿಗೆಯ ಮೇಲೆ ಹಾಸಿ ಆ ಮೂಲೆಯನ್ನು ಸಾಕಷ್ಟು ಹೊತ್ತು ನೋಡಿದೆ. ಒಂದೇ ಒಂದು ದಿನ ಹೊದೆಯುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿನಗೂ ಬೇಕು ನನಗೂ ಬೇಕು. ಆದರೆ ನನ್ನ ಹತ್ತಿರ ಅವಳ ನಾಲ್ಕು ವರ್ಷ ಇದೆ.

ಜೇಕ್ ಟೀಸೆನ್ ಮತ್ತು ಅವನ ಹೆಂಡತಿ ಕ್ರಿಸ್‌ಮಸ್‌ಗೆ ಚಾಕೊಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಕಳಿಸುತ್ತೇನೆ.

ವೆರೆನಿಕೆ ಒಡೆದು ಗಂಜಿಯಾಗಿದ್ದವು. ಅದನ್ನೂ ಯಾರೋ ತಿಂದರಂತೆ.

ನಿನ್ನ ಅಕ್ಕ,
ನೆಟಾ

*

ಫ್ರೀಡೆನ್ಸ್‌ರು
10 ಜನವರಿ 1988

ಪ್ರೀತಿಯ ಅಕ್ಕನಿಗೆ,

ಟೀಸೆನ್ ದಂಪತಿ ಬಂದು ಹೋದರು. ಅಸುನ್ಸಿಯಾನ್ ವಿಮಾನ ನಿಲ್ದಾಣದಲ್ಲಿ ಸುಂಕದವನು ಪೆಟ್ಟಿಗೆ ತೆರೆಸಿ ಕೌದಿ ನೋಡಿ, "ಚಾಕೊಗಾ? ಈಗಲಾ?" ಎಂದು ಕೇಳಿ ನಕ್ಕನಂತೆ. ಸುಂಕ ಹಾಕದೆ ಬಿಟ್ಟನಂತೆ. ಹುಚ್ಚರ ಹತ್ತಿರ ಏನು ಕೇಳುವುದು ಅನ್ನಿಸಿರಬೇಕು.

ಒಂದು ಮಡಿಕೆಯಲ್ಲಿ ಹಿಟ್ಟಿನ ಕೈಗುರುತು ಇದೆ. ಒಗೆಯುವುದಿಲ್ಲ.

ಇವತ್ತು ನಲವತ್ತೊಂದು ಡಿಗ್ರಿ. ಮಧ್ಯಾಹ್ನ ಊಟವಾಗಿ ಊರೆಲ್ಲ ಬಾಗಿಲು ಹಾಕಿ ಮಲಗುವ ಹೊತ್ತು. ನಾಯಿ ಕೂಡ ನೀರಿನ ತೊಟ್ಟಿಯ ಕೆಳಗೆ ಸೇರಿತ್ತು. ನಾನು ಫ್ಯಾನು ಹಾಕಿಕೊಂಡು ಕೌದಿ ಹೊದ್ದು ಮಲಗಿದೆ. ಫ್ರಾಂಟ್ಸ್ ಬಾಗಿಲಲ್ಲಿ ನಿಂತು ನೋಡಿ, "ಬೆಂದು ಹೋಗ್ತೀಯ ಕಣೇ, ಜಸ್ಟೀನಾ" ಅಂದ. ಆಮೇಲೆ ಫ್ಯಾನನ್ನು ನನ್ನ ಕಡೆ ತಿರುಗಿಸಿ ಹೋದ.

ಸೊಟ್ಟ ಮೂಲೆ ಕಾಲಿನ ಕಡೆಗೆ ಬರುವಂತೆ ಹೊದ್ದುಕೊಂಡಿದ್ದೆ. ಹೊರಳುವಾಗ ನನ್ನ ಕಾಲುಗುರು ಅಮ್ಮನ ಹೊಲಿಗೆಗೆ ಸಿಕ್ಕಿಕೊಂಡಿತು. ಗ್ರೇಟಾ ಹೇಳಿದ್ದು ಸರಿ.

ಬಿಡಿಸಿಕೊಳ್ಳಲಿಲ್ಲ. ಹಾಗೇ ಮಲಗಿದ್ದೆ.

ಜಸ್ಟೀನಾ